ಗಾಜಿನ ಆಚೆ ನಿಂತವನು

"ಅಯ್ಯೋ, ಅದನ್ನ ಕುಲುಕ್ಬೇಡಿ!"

ಅವಳು ಕೂಗಿದ ರಭಸಕ್ಕೆ ಔಷಧಿಯ ಚೀಲ ಹಿಡಿದು ಬಂದ ಹೊಸ ಫಾರ್ಮಸಿಸ್ಟ್ ಬೆಚ್ಚಿಬಿದ್ದ.

"ಕುಲುಕ್ತಿಲ್ಲ ಮೇಡಂ... ಕೈ ನಡುಗ್ತಿದೆ. ನೀವು ಹಾಗೆ ಗುರಾಯಿಸಿದ್ರೆ ಇನ್ನೇನಾಗುತ್ತೆ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಹೊಲಿಗೆ ಅವಳ ಕಸುಬು. ಅವಳ ದೇಹದಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಸಾಲದು. ಜೀವಕೋಶಗಳಲ್ಲಿ ಕರಗಬೇಕಾದ ಕೊಬ್ಬು ಕರಗದೆ ಉಳಿದು, ಹೊಟ್ಟೆ ಊದಿಕೊಂಡಿತ್ತು. ರೋಗನಿರೋಧಕ ಶಕ್ತಿಯೂ ಅಷ್ಟಕ್ಕಷ್ಟೆ. ಯಾರೋ ಸೀನಿದರೆ ಇವಳು ವಾರಗಟ್ಟಲೆ ಹಾಸಿಗೆ ಹಿಡಿಯಬೇಕು. ಹದಿನೈದು ದಿನಕ್ಕೊಮ್ಮೆ ಆ ಕಿಣ್ವವನ್ನು ರಕ್ತನಾಳದ ಮೂಲಕ ಏರಿಸಿಕೊಳ್ಳಲು ಈ ಆಸ್ಪತ್ರೆಗೆ ಬರುತ್ತಿದ್ದಳು.

ಡ್ರಿಪ್ ಮುಗಿಯುವವರೆಗೂ ಏನಾದರೊಂದು ನೆಪ ಹೂಡಿ ಅವನು ಸುಳಿದಾಡುತ್ತಿದ್ದ.

"ನಿಮ್ಮ ಶರ್ಟಿನ ಈ ಕಾಲರ್ ಹೊಲಿದವರ ಮೇಲೆ ಕೇಸ್ ಹಾಕಿ," ಎಂದು ಅವಳು ರೇಗಿಸುವಳು. ಆರು ತಿಂಗಳಲ್ಲಿ ಸೂಜಿಯ ಭಯ ಹೋಗಿ, ಆ ದಿನಕ್ಕಾಗಿ ಕಾಯುವಂತಾಯಿತು. ಹುಚ್ಚು ಹುಡುಗಿ, ಮನಸ್ಸು ಕೊಟ್ಟೇಬಿಟ್ಟಿದ್ದಳು!

ಮುಚ್ಚಿಡಬಾರದೆಂದು ಒಂದು ದಿನ ಹೇಳಿದಳು. "ಇದು ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದು. ನಾಳೆ ನನ್ನ ಮಕ್ಕಳಿಗೂ ಬರ್ಬಹುದು."

ಅವನು ತಟ್ಟನೆ ಎದ್ದು ಹೋದ.

ಮುಂದಿನ ಸಲ ಔಷಧಿ ತಂದದ್ದು ಸಿಸ್ಟರ್. ಅವನು ಸುಳಿಯಲೇ ಇಲ್ಲ.

'ಇಷ್ಟೇನಾ ನಾನು?' ಡ್ರಿಪ್ ಮುಗಿದೊಡನೆ ನೇರವಾಗಿ ಔಷಧಿ ಅಂಗಡಿಗೆ ನಡೆದಳು. ಗಾಜಿನ ಕೌಂಟರಿನ ಹಿಂದಿದ್ದ ಅವನು ಅವಳನ್ನು ಕಂಡದ್ದೇ ತಡ, ಹಿಂದಕ್ಕೆ ಸರಿದ.

"ಅಲ್ಲೇ ನಿಲ್ಲಿ! ಹತ್ರ ಬರ್ಬೇಡಿ!"

"ನಂದು ಅಂಟುರೋಗ ಅಲ್ಲ!" ಅವಳ ಕಣ್ಣು ತುಂಬಿ ಬಂತು.

"ನಂದು ಅಂಟುರೋಗ, ಮಾರಾಯ್ರೇ!" ಮಾಸ್ಕಿನೊಳಗಿಂದ ಅವನು ಒಂದೇ ಸಮನೆ ಕೆಮ್ಮಿದ. "ಹತ್ತು ದಿನದಿಂದ ಹೀಗೇ. ಔಷಧಿ ಬೆರೆಸೋ ಕೋಣೆಗೂ ನನ್ನ ಬಿಡ್ತಿಲ್ಲ. ನಿಮಗೆ ತಗುಲಿದ್ರೆ ನಾನು ಬದುಕಿರ್ತೀನಾ?"

ಅವಳು ಕಣ್ಣೊರೆಸಿಕೊಂಡಳು.

"ಮತ್ತೆ... ಅವತ್ತು ಎದ್ದು ಹೋಗಿದ್ದು?"

"ಲ್ಯಾಬಿಗೆ. ನನ್ನ ರಕ್ತ ಪರೀಕ್ಷೆಗೆ ಕೊಟ್ಟೆ. ಆ ದೋಷ ನನ್ನಲ್ಲೂ ಇದ್ರೆ ಮಾತ್ರ ಮಕ್ಕಳಿಗೆ ಕಾಯಿಲೆಯ ಭಯವಂತೆ. ನೀವು ಕೇಳೋ ಮೊದ್ಲೇ ಉತ್ತರ ಇಟ್ಕೊಂಡಿರೋಣ ಅಂತ..."

"ಯಾರ ಮಕ್ಕಳು? ನಾನಿನ್ನೂ ಮದುವೆಗೇ ಒಪ್ಪಿಲ್ಲ!" ಅಳುತ್ತಲೇ ನಕ್ಕಳು. "ರಿಪೋರ್ಟ್ ಏನಂತ ಬಂತು?"

"ಇನ್ನೂ ಬಂದಿಲ್ಲ. ಅದೇನೇ ಬರ್ಲಿ, ನಿಮ್ಮನೆಗೆ ನಾನು ಬರ್ತೀನಿ, ನಿಮ್ಮಮ್ಮನ ಹತ್ರ ಹೆಣ್ಣು ಕೇಳೋಕೆ. ಯಾವಾಗ ಬರ್ಲಿ?"

ಅವಳು ಗಾಜಿನ ಮೇಲೆ ಅಂಗೈ ಇಟ್ಟಳು.

"ಕೆಮ್ಮು ವಾಸಿಯಾದ ದಿನವೇ ಬನ್ನಿ," ಎಂದಳು ಮೆಲ್ಲಗೆ. "ಒಂದು ದಿನ ತಡವಾದ್ರೂ ಸಹಿಸಲ್ಲ."