ತಡೆದು ನಿಲ್ಲಿಸಿದ ರೊಕ್ಕ

"ವಿದ್ಯಾ ಮೇಡಂ ನೀವ ಏನ್ರಿ? ನನ್ನ ರೊಕ್ಕ ತಡದವ್ರು?"

ಗಾಜಿನಾಚೆಯ ಧ್ವನಿ ಕೇಳಿದ್ದೇ ತಡ, ವಿದ್ಯಾ ಎಣಿಸುತ್ತಿದ್ದ ನೋಟುಗಳನ್ನು ಕೆಳಗಿಟ್ಟಳು. ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ಧ್ವನಿ... ಮಸ್ಕತ್ತಿನ ಪ್ರಭು!

ಗೋಕಾಕದ ಈ ಕೌಂಟರಿನಲ್ಲಿ ಪರದೇಶದಿಂದ ಬಂದ ಹಣ ಕೊಡುವ ಕೆಲಸ ಅವಳದು. ಹಣ ಬಂದಾಗಲೆಲ್ಲ ಕಳಿಸಿದವರಿಗೆ ಫೋನ್ ಮಾಡಿ, ಯಾರಿಗೆ, ಅವರು ನಿಮಗೆ ಏನಾಗಬೇಕು, ಯಾತಕ್ಕೆ ಎಂದು ಕೇಳಲೇಬೇಕು. ನಿಯಮ! ಪ್ರಭುವಿನ ಜೊತೆ ಮಾತ್ರ ಪ್ರಶ್ನೆ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. "ಊಟಾತೇನ್ರಿ?" ಎಂದು ಅವನು ಕೇಳಿದರೆ ಸಾಕು, ಇವಳಿಗೆ ಇಡೀ ದಿನ ಹಬ್ಬ.

ಅಂಥವನನ್ನೇ ಕಳ್ಳನೆಂದುಕೊಂಡಳಲ್ಲ!

ಒಂದೇ ಸಲ ಕಳಿಸಬಹುದಾದ ಹಣವನ್ನು ಅವನು ಚೂರುಚೂರು ಮಾಡಿ ಕಳಿಸತೊಡಗಿದ್ದ. ಪ್ರತಿ ಸಲವೂ ಬೇರೆ ಶುಲ್ಕ. ಬುದ್ಧಿ ನೆಟ್ಟಗಿದ್ದವರು ಯಾರು ಹೀಗೆ ಮಾಡುತ್ತಾರೆ? ಕಪ್ಪುಹಣವನ್ನು ಹೀಗೆ ಒಡೆದು ಸಾಗಿಸುತ್ತಾರೆಂದು ತರಬೇತಿಯಲ್ಲಿ ಹೇಳಿದ್ದರು.

'ನನ್ನ ಕೂಡ ಸಿಹಿಮಾತು ಆಡಿದ್ದು ಇದಕ್ಕ ಏನು?'

ಸಿಟ್ಟಿನಲ್ಲಿ ಹಣ ತಡೆದು ಮೇಲಿನವರಿಗೆ ತಿಳಿಸಿಬಿಟ್ಟಳು. ಅವನಿಗೆ ಒಂದು ಫೋನೂ ಮಾಡಲಿಲ್ಲ.

ವಿಚಾರಣೆಯಾಯಿತು. ಅಷ್ಟೂ ಅವನ ಪಗಾರದ ಹಣವೇ! ಆದರೆ ಅಷ್ಟರಲ್ಲಿ, ಹಣ ಕೈಸೇರದೆ, ಅವನ ತಾಯಿಯ ಕಣ್ಣಿನ ಆಪರೇಷನ್ ಮುಂದೆ ಹೋಗಿತ್ತು. ತನ್ನೂರು ನಾಗನೂರಿನಿಂದ ಬಂದು, ಗೋಡೆ ತಡವುತ್ತ, "ತಂಗಿ, ನನ್ನ ಮಗನ ರೊಕ್ಕ ಬಂತೇನ?" ಎಂದು ಕೇಳಿದ್ದಳು ಆ ಮುದುಕಿ. ಅಯ್ಯೋ, ಆವತ್ತಿನಿಂದ ವಿದ್ಯಾಳಿಗೆ ಉಂಡ ಅನ್ನ ಮೈಗೆ ಹತ್ತಿಲ್ಲ.

"ನಾನ ರಿ," ಎಂದಳು ತಲೆ ಎತ್ತದೆ. "ಎಷ್ಟ ಬೇಕಾದ್ರೂ ಬೈರಿ. ಅವ್ವಾರ ಕಣ್ಣು...?"

"ಹುಕ್ಕೇರಿಯೊಳಗ ಆಪರೇಷನ್ ಆತು. ಈಗ ಚಲೋ ಕಾಣತೈತಿ."

ವಿದ್ಯಾಳ ಕಣ್ಣು ತುಂಬಿ ಬಂತು. "ಆದ್ರೂ ತಪ್ಪ ನಂದ..."

"ನಿಮ್ದಲ್ರಿ, ನಂದ! ಅದನ್ನ ಹೇಳಾಕಂತ ರಜಾ ಹಾಕಿ ಬಂದೇನಿ. ರೊಕ್ಕ ಒಡದ ಒಡದ ಯಾಕ ಕಳಸ್ತಿದ್ದೆ, ಗೊತ್ತೈತೇನ್ರಿ?"

"ಯಾಕ್ರಿ?"

"ಕಳಿಸಿದಾಗೆಲ್ಲಾ ನಿಮ್ಮ ಫೋನ್ ಬರ್ತಿತ್ತಲ್ರಿ... ಸುಮ್ನ ಫೋನ್ ಮಾಡಾಕ ನನಗ ಧೈರ್ಯ ಇರಲಿಲ್ಲ."

ಹುಚ್ಚಪ್ಪ! ಶುಲ್ಕದ ಮೇಲೆ ಶುಲ್ಕ ಕಟ್ಟಿದ್ದು ಇವಳ ನಾಕು ಮಾತಿಗೆ!

"ನನ್ನ ಹುಚ್ಚಿಗೆ ಅವ್ವ ಕತ್ತಲದಾಗ ಕುಂತ್ಲು," ಎಂದು ಅವನು ಮುಖ ತಿರುಗಿಸಿದ. "ಅಕಿಗೆ ಎಲ್ಲಾ ಹೇಳೇನಿ."

"ಏನಂದ್ರು?"

"'ಆ ಹುಡುಗಿನ್ನ ಕರಕೊಂಡ ಬಾ, ಹೊಸಾ ಕಣ್ಣಿಲೆ ನೋಡ್ತೇನಿ' ಅಂದ್ಲು."

ವಿದ್ಯಾ ಅಳುತ್ತಲೇ ನಕ್ಕಳು. "ನಿಯಮ ಐತ್ರಿ, ಕೇಳಬೇಕು. ನಾ ನಿಮಗ ಯಾರು?"

"ನೀವ ಹೂಂ ಅಂದ್ರ... ನನ್ನ ಮನಿಯಾಕಿ."

"ಹೂಂ ರಿ... ಆದ್ರ ಮೊದಲ ಅವ್ವಾರ ಕಾಲ ಹಿಡದ ತಪ್ಪ ಒಪ್ಪಕೋತೇನಿ."

"ಒಬ್ರ ಬ್ಯಾಡ್ರಿ," ಎಂದ ಪ್ರಭು ಮೆಲ್ಲಗೆ. "ಇಬ್ರೂ ಕೂಡೇ ಹಿಡಿಯೂಣು."