ಮನೆಯಿಂದ ಬಸ್‌ಸ್ಟಾಪ್‌ವರೆಗೆ

"ನನ್ನ ಜಗಲಿಗೆ ಯಾಕ್ರೀ ಕೆಂಪು ಬಣ್ಣ ಬಳೀತಿದ್ದೀರಿ?"

ಸುಧಾಮಣಿ ಊರುಗೋಲು ಹಿಡಿದು ಬಾಗಿಲಿಗೆ ಬಂದಿದ್ದಳು. ತೆರಕಣಾಂಬಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಮದುವೆ ಆಗಿರಲಿಲ್ಲ.

ಬ್ರಷ್ ಹಿಡಿದಿದ್ದ ರಂಗರಾಜು ಮೆಲ್ಲಗೆ ಎದ್ದ. ಅವನೂ ನಿವೃತ್ತ, ಬಸ್ ಡ್ರೈವರ್. ಹೆಂಡತಿ ತೀರಿಕೊಂಡು ಆರು ವರ್ಷ.

"ಇಲ್ಲಿಗಂಟ ಒಡೀಬೇಕು ಟೀಚರಮ್ಮ. ಪಂಚಾಯ್ತಿಯೋರು ಗುರ್ತು ಆಕು ಅಂದವ್ರೆ."

"ಒಡೆಯೋಕೆ ಬನ್ನಿ, ನೋಡ್ತೀನಿ."

ಅವನು ಬಣ್ಣದ ಡಬ್ಬ ಎತ್ತಿಕೊಂಡು ಹೋದ.

ಸುಧಾಮಣಿಯ ಮಂಡಿ ಕೆಟ್ಟಾಗಿನಿಂದ ಅಣ್ಣನ ಮಗಳು ಭವ್ಯ ಮೈಸೂರಿಗೆ ಕರೆಯುತ್ತಲೇ ಇದ್ದಳು. ಚಿಕಿತ್ಸೆಗೆ ಚಾಮರಾಜನಗರಕ್ಕೆ ಹೋಗಲು ಬಸ್‌ಸ್ಟಾಪ್ ತಲುಪುವುದೇ ಕಷ್ಟ. ರಸ್ತೆಗೆ ಚಾಚಿದ ಜಗಲಿಗಳನ್ನು ಸುತ್ತಿ ಟ್ರ್ಯಾಕ್ಟರುಗಳ ನಡುವೆ ನಡೆಯಬೇಕು. ಒಮ್ಮೆ ಚರಂಡಿಗೂ ಬಿದ್ದಿದ್ದಳು.

'ಇವನಿಗೂ ನಾನು ಊರು ಬಿಡಬೇಕೇನೋ... ಬಿಡಲ್ಲ.'

ಮರುದಿನ ದೂರು ಕೊಡಲು ಪಂಚಾಯಿತಿಗೆ ಹೊರಟಳು. ದಾರಿಯಲ್ಲಿ ರಂಗರಾಜುವಿನ ಮನೆ ಕಂಡು ನಿಂತುಬಿಟ್ಟಳು. ಮುಂದಿನ ಜಗಲಿ ಇರಲೇ ಇಲ್ಲ, ಬರೀ ಇಟ್ಟಿಗೆ ಗುಡ್ಡೆ.

ಎದುರುಮನೆ ಬಸವಮ್ಮ ಹೇಳಿದಳು: "ಮೊದ್ಲು ಅವ್ರುದ್ನೇ ಒಡ್ಕೊಂಡ್ರು ಕಣವ್ವ. ನೀವು ಚರಂಡಿಗೆ ಬಿದ್ರಲ್ಲ, ಆವತ್ತಿಂದ ಬಸ್‌ಸ್ಟಾಪ್ ಗಂಟ ಕಾಲ್ದಾರಿ ಮಾಡ್ಸಕೆ ಪಂಚಾಯ್ತಿಗೆ ತಿರುಗ್ತಾವ್ರೆ."

ಸುಧಾಮಣಿ ಆ ಇಟ್ಟಿಗೆ ಗುಡ್ಡೆಯನ್ನು ಮತ್ತೊಮ್ಮೆ ನೋಡಿದಳು. ದೂರಿನ ಯೋಚನೆ ಬಿಟ್ಟಳು, ಆದರೆ ಮನೆಗೆ ಮರಳಲಿಲ್ಲ. ಪಂಚಾಯಿತಿಗೆ ಹೋಗಿ ಕಾರ್ಯದರ್ಶಿಯ ಎದುರು ಕುಳಿತಳು.

"ನನ್ನ ಜಗಲಿ ಒಡೀರಿ. ಆದ್ರೆ ಕಾಲ್ದಾರೀಲಿ ಮೆಟ್ಲು ಬೇಡ, ಇಳಿಜಾರು ಇರ್ಲಿ. ಚರಂಡಿಗೆ ಚಪ್ಪಡಿ ಮುಚ್ಚಿ. ಸ್ಟಾಪಿನಲ್ಲಿ ಕೂರೋಕೆ ಬೆಂಚ್ ಬೇಕು. ಬರೆದುಕೊಡೋವರೆಗೂ ಏಳಲ್ಲ."

ಮಧ್ಯಾಹ್ನದ ಹೊತ್ತಿಗೆ ಅವರು ಬರೆದುಕೊಟ್ಟರು.

ಮೂರು ತಿಂಗಳ ನಂತರ ಸುಧಾಮಣಿ ಹೊಸ ಕಾಲ್ದಾರಿಯಲ್ಲಿ ಯಾರ ಕೈಯನ್ನೂ ಹಿಡಿಯದೆ ಬಸ್‌ಸ್ಟಾಪ್‌ಗೆ ನಡೆದು ಬಂದಳು. ಭವ್ಯಳಿಗೆ ಫೋನ್ ಮಾಡಿದಳು: "ನಾನು ಇಲ್ಲೇ ಇರ್ತೀನಿ ಕಣೆ. ಈಗ ಎಲ್ಲಿಗೆ ಬೇಕಾದ್ರೂ ಹೋಗಿ ಬರಬಲ್ಲೆ."

ಬೆಂಚಿನ ಮೇಲೆ ರಂಗರಾಜು ಕುಳಿತಿದ್ದ. ಅವಳು ಪಕ್ಕದಲ್ಲಿ ಕೂತಳು.

"ಆವತ್ತು ಬೈದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಎಲ್ಲಾ ಯಾಕೆ ಹೇಳಲಿಲ್ಲ ನೀವು?"

"ಏನಂತ ಯೋಳ್ಲಿ..." ಅವನು ರಸ್ತೆ ನೋಡಿದ. "ದಾರಿ ಎಲ್ರಿಗೂ ಬೇಕಿತ್ತು, ದಿಟ. ಆದ್ರೆ ನೀವು ಮೈಸೂರಿಗೆ ಓಗ್ಬುಟ್ರೆ ಅಂತ ನಂಗೆ ಭಯ ಇತ್ತು. ನೀವಿಲ್ದೆ ಈ ಊರು ನಂಗೆ ಬ್ಯಾಡ."

ಅವಳು ಅವನ ಕಡೆ ತಿರುಗಿದಳು. ಅರವತ್ತೆರಡನೇ ವಯಸ್ಸಿನಲ್ಲಿ ಇಂಥ ಮಾತು...

"ನಾನು ನನ್ನ ಮನೆ ಬಿಟ್ಟು ಎಲ್ಲೂ ಬರಲ್ಲ, ರಂಗರಾಜು ಅವ್ರೆ."

"ನೀವ್ಯಾಕೆ ಬರ್ಬೇಕು? ನಾನೇ ಬತ್ತೀನಿ."

ಅವಳು ಅವನ ಒರಟು ಅಂಗೈ ಮೇಲೆ ಕೈಯಿಟ್ಟಳು.

"ಭಾನುವಾರ ಭವ್ಯ ಬರ್ತಾಳೆ. ಊಟಕ್ಕೆ ಬನ್ನಿ. ಅವಳಿಗೆ ನಾನೇ ಹೇಳ್ತೀನಿ."