ಕೊಟ್ಟಿಗೆಗೆ ಒಯ್ದ ನೀರು

“ಬೇವಿನ ಬುಡಕ್ಕ ಗುದ್ಲಿ ಹಾಕಬ್ಯಾಡ್ರಿ. ಸುತ್ತು ಹಾಕಿ ಪೈಪ್ ಒಯ್ರಿ,” ಎಂದಳು ಗೋಡೆಯಾಚೆಯ ಚನ್ನವೀರಮ್ಮ.

ನರೇಂದರ್ ನಕ್ಕ. ಗದ್ವಾಲದಿಂದ ಬಂದು ಮಾಗನೂರಿನ ಈ ಹಳೇ ಮನೆ ಕೊಂಡು ತಿಂಗಳೂ ಆಗಿರಲಿಲ್ಲ. ಹಿತ್ತಲ ತುದಿಯ ಕಲ್ಲಿನ ಕೊಟ್ಟಿಗೆಯನ್ನು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಮಾಡಿಕೊಂಡಿದ್ದ. ಮನೆಯಿಂದ ಅಲ್ಲಿಗೆ ಕರೆಂಟು, ನೀರು ಎರಡನ್ನೂ ಒಂದೇ ಕಾಲುವೆ ತೋಡಿ ನೆಲದೊಳಗೆ ಒಯ್ಯುವುದೆಂದು ಹೊರಟಿದ್ದ. ನಡುವೆ ಬೇವಿನ ಮರ.

“ಯಾಕ್ರಿ, ನಿಧಿ ಐತೇನು?”

“ಗಡಿಗಿ ಐತಿ. ಹಿಂದಕ ಈ ಮನಿ ಅತ್ತಿ, ಸೊಸಿ ಮ್ಯಾಲ ಮಾಟ ಮಾಡಿಸಿದ್ಲು, ಎಷ್ಟು ಕುಡದ್ರೂ ನೀರಡಿಕಿ ಹೋಗಬಾರ್ದಂತ. ಆ ಹೆಣ್ಮಗಳು ಆ ಕೊಟ್ಟಿಗ್ಯಾಗ ಚೀರಿ ಚೀರಿ ಸತ್ಲು. ಸತ್ತ ಮ್ಯಾಲ ಮನಿಯೊಳಗ ಬರಾಕ ಹತ್ತಿದ್ಲು. ದಾಟಬಾರ್ದಂತ ನಡುವ ಗಡಿಗಿ ಹುಗದಾರ.”

“ಹಂಗಾರ ಅಕಿಗೂ ಒಂದು ನಳ ಹಾಕಿಸ್ತೀನಿ ಬಿಡ್ರಿ.”

ಚನ್ನವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಎರಡು ಮೊಳದಾಳಕ್ಕೆ ಗುದ್ದಲಿ ತಾಗಿ ಗಡಿಗೆ ಒಡೆಯಿತು. ಒಳಗೆ ಕಪ್ಪು ದಾರ ಸುತ್ತಿದ ಕೂದಲಿನ ಉಂಡೆ, ತುಕ್ಕು ಹಿಡಿದ ಸೂಜಿಗಳು. ಸುಟ್ಟ ಕೂದಲಿನ ನಾತ ಮೂಗಿಗೆ ಅಡರಿತು. ನರೇಂದರ್ ಕಾಲಿನಿಂದಲೇ ಅದನ್ನು ಅತ್ತ ಸರಿಸಿ ಪೈಪು, ಕೇಬಲ್ಲು ಎರಡನ್ನೂ ಹಾಸಿದ.

ಮಬ್ಬುಗತ್ತಲಾಗುವ ಹೊತ್ತಿಗೆ ಮೋಟಾರು ಹಾಕಿ, ಕೊಟ್ಟಿಗೆಗೆ ಬಂದು ನಳ ತಿರುಗಿಸಿದ. ನೀರು ಬರಲಿಲ್ಲ. ನಳದ ಬಾಯಿಗೆ ಬೆರಳಿಟ್ಟ. ಬೆರಳನ್ನು ಏನೋ ಒಳಕ್ಕೆ ಜಗ್ಗಿತು. ಕಿತ್ತುಕೊಂಡ. ತಲೆಯ ಮೇಲೆ ಬಲ್ಬು ಕೆಂಪಗೆ ಕುಗ್ಗಿತು. ಪೈಪಿನೊಳಗೆ ಗಟಗಟ ಗುಟುಕಿಸುವ ಸದ್ದು. ಅದು ಸರಿಯುತ್ತಿತ್ತು. ಬೇವಿನ ಕಡೆಗೆ. ಬೇವು ದಾಟಿ ಮನೆಯ ಕಡೆಗೆ.

ಓಡಿದ.

ಬಚ್ಚಲಲ್ಲಿ ಹೆಂಡತಿ ರಜಿತಾ ನಳಕ್ಕೆ ಬಾಯಿ ಕಚ್ಚಿ ಕುಡಿಯುತ್ತಿದ್ದಳು. ಮೂಗಿನಿಂದ ನೀರು ಸುರಿಯುತ್ತಿತ್ತು. ಹೊಟ್ಟೆ ಉಬ್ಬಿ ಬಿಗಿದಿತ್ತು. ಭುಜ ಹಿಡಿದು ಎಳೆದ. ಅಲುಗಲಿಲ್ಲ. ಕಣ್ಣು ಮಾತ್ರ ಅವನತ್ತ ಹೊರಳಿತು. ಗುಟುಕಿನ ನಡುವೆ, ನಳ ಬಿಡದೆಯೇ, ಅವಳ ಗಂಟಲಿನಿಂದ ಮಾತು ಹೊರಟಿತು.

“ಇನ್ನೂ... ಇನ್ನೂ ಹಾಕ್ರಿ... ಗಂಟಲಾ ಉರೀತೈತ್ರಿ...”

ರಜಿತಾ ತೆಲುಗು ಮನೆಯವಳು. ಕನ್ನಡದ ಒಂದು ಮಾತೂ ಅವಳಿಗೆ ಬರುತ್ತಿರಲಿಲ್ಲ.

ಮೇನ್ ಸ್ವಿಚ್ ಆರಿಸಿದ. ಮೋಟಾರು ನಿಲ್ಲಲಿಲ್ಲ. ಅವಳ ತುಟಿ ನೀಲಿಯಾಗುತ್ತಿತ್ತು.

“ಪೈಪ್ ಕಡೀರಿ! ಅಕಿ ಬಂದ ದಾರಿ ಕಡೀರಿ!” ಆ ದನಿ ಕೇಳಿ ಗೋಡೆಯಾಚೆಯಿಂದ ಚನ್ನವೀರಮ್ಮ ಚೀರಿದಳು.

ಹಾರೆ ಹಿಡಿದು ಬೇವಿನತ್ತ ಹಾರಿದ. ಕಾಲುವೆ ಇನ್ನೂ ತೆರೆದೇ ಇತ್ತು. ಕತ್ತಲಲ್ಲಿ ಯಾವುದು ಪೈಪು, ಯಾವುದು ಕೇಬಲ್ಲು, ಕಾಣಲಿಲ್ಲ. ಕಣ್ಣು ಮುಚ್ಚಿದ. ಹಾರೆ ಎತ್ತಿ ಹಾಕಿದ. ನೀಲಿ ಬೆಂಕಿ. ಮೈಯೆಲ್ಲಾ ಕಚ್ಚಿದಂತೆ. ಕೈ ಹಾರೆಗೆ ಅಂಟಿತು. ನೀರು ಬುಗ್ಗೆಯಾಗಿ ಚಿಮ್ಮಿತು. ಅದರೊಳಗಿಂದ ಹೆಣ್ಣುದನಿಯೊಂದು ಉದ್ದಕ್ಕೆ ಅತ್ತಿತು. ಮೋಟಾರು ನಿಂತಿತು.

ಬಚ್ಚಲಲ್ಲಿ ರಜಿತಾ ಬಕ್ಕನೆ ಕಾರಿಕೊಂಡು, ತೆಲುಗಿನಲ್ಲಿ ಅವ್ವನನ್ನು ಕರೆದು ಅತ್ತಳು.

ಅವಳು ಉಳಿದಳು. ನರೇಂದರನ ಬಲಗೈ ಮೊಣಕೈವರೆಗೆ ಕರಕಲಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಮಾಗನೂರಿನಲ್ಲಿ ಕೆಟ್ಟುನಿಂತ ಟ್ರ್ಯಾಕ್ಟರುಗಳನ್ನು ಈಗ ರಿಪೇರಿಗೆ ಮಕ್ತಲದವರೆಗೆ ಎಳೆದೊಯ್ಯುತ್ತಾರೆ.